ಸ್ಕಾಲರ್‌ಶಿಪ್ ಪರೀಕ್ಷೆ: ತಯಾರಿ ಕೊಟ್ಟಿಗೆಯಿಂದಲೇ ಶುರುವಾಗಲಿ

ಹಾಲು ಉತ್ಪಾದಕ ಅಕ್ಕಂದಿರೇ,

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಲೋ, ಕೆಚ್ಚಲು ಬಾವು ತೋರಿಸಲೋ ನೀವು ನಮ್ಮನ್ನು ಕರೆಸುತ್ತೀರಿ. ಕೆಲಸ ಮುಗಿದು ಕೈ ತೊಳೆಯುವ ಹೊತ್ತಿಗೆ ಈಚೆಗೆ ಬರುವ ಪ್ರಶ್ನೆ ಹಸುವಿನದಲ್ಲ, ಮಗುವಿನದು. "ಡಾಕ್ಟ್ರೇ, ಪರೀಕ್ಷೆ ಬರೆದ್ರೆ ಅರ್ಧ ಫೀಸು ಅಂತಿದಾರೆ ಆ ಸ್ಕೂಲ್‌ನೋರು, ಸೇರಿಸೋದಾ?" "ನವೋದಯಕ್ಕೆ ಕೋಚಿಂಗ್ ಬೇಕೇ ಬೇಕಂತೆ, ಒಂದು ಹಸು ಮಾರೋಣ ಅಂತಾರೆ ನಮ್ಮನೆಯವರು, ಏನ್ಮಾಡ್ಲಿ?"

ವರ್ತೂರು, ದೊಮ್ಮಸಂದ್ರ, ಸರ್ಜಾಪುರದ ಕಡೆಯಾಗಲಿ, ಜಿಗಣಿ, ಅತ್ತಿಬೆಲೆ, ಆನೇಕಲ್ ಕಡೆಯಾಗಲಿ, ಪೀಣ್ಯ ದಾಟಿದ ಮೇಲಿನ ದಾಸನಪುರ, ನೆಲಮಂಗಲದ ಕಡೆಯಾಗಲಿ, ಎಲ್ಲೆಡೆ ಇದೇ ಮಾತು. ಹಸಿರು ಹುಲ್ಲು ಬೆಳೆಯುತ್ತಿದ್ದ ಜಾಗದಲ್ಲಿ ಶಾಲೆಗಳ ದೊಡ್ಡ ದೊಡ್ಡ ಬೋರ್ಡುಗಳು ನಿಂತಿವೆ. ನೀವು ಡೇರಿಗೆ ಹಾಲು ಹೊತ್ತು ಹೋಗುವ ರಸ್ತೆಯಲ್ಲೇ ಅಪಾರ್ಟ್‌ಮೆಂಟಿನ ಮಕ್ಕಳ ಹಳದಿ ಬಸ್ಸು ಹೋಗುತ್ತದೆ. ನಮ್ಮ ಮಗುವೂ ಚೆನ್ನಾಗಿ ಓದಲಿ ಎಂಬ ಆಸೆ ತಪ್ಪಲ್ಲ. ಆ ಆಸೆಗೆ ಯಾವ ದಾರಿ ಇದೆ, ಆ ದಾರಿಗೆ ಎಷ್ಟು ಖರ್ಚು ಎಂದು ತಿಳಿಯದೆ ಹಸುವಿನ ಹಗ್ಗ ಬಿಚ್ಚಬಾರದು, ಅಷ್ಟೇ.

ನಾನು ಶಾಲಾ ಶಿಕ್ಷಕನಲ್ಲ, ಪಶುವೈದ್ಯ. ಆದರೂ ಈ ಪರೀಕ್ಷೆಗಳ ನಿಯಮ ಓದಿ ನೋಡಿದ ಮೇಲೆ ಒಂದು ವಿಷಯ ಗಟ್ಟಿಯಾಗಿ ಹೇಳಬಲ್ಲೆ. ಮಗುವಿನ ಸ್ಕಾಲರ್‌ಶಿಪ್ ಅರ್ಧ ತೀರ್ಮಾನವಾಗುವುದು ಪರೀಕ್ಷೆಯ ಕೊಠಡಿಯಲ್ಲಿ ಅಲ್ಲ. ಮಗು ಯಾವ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ ಎಂಬುದರಲ್ಲಿ. ಉಳಿದ ಅರ್ಧ, ದಿನಕ್ಕೆ ನಲವತ್ತು ನಿಮಿಷದ ಅಭ್ಯಾಸದಲ್ಲಿ.

ಯಾವ ಪರೀಕ್ಷೆ, ಯಾವ ತರಗತಿಗೆ?

ನಿಮ್ಮ ಮಕ್ಕಳಿಗೆ ಮುಖ್ಯವಾಗಿ ಎರಡು ಹಂತಗಳಿವೆ: ಐದನೇ ತರಗತಿ ಮತ್ತು ಎಂಟನೇ ತರಗತಿ.

*ನವೋದಯ:* ಐದನೇ ತರಗತಿಯಲ್ಲಿ ಓದುತ್ತಿರುವ ಮಗು ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಗೆ ಪರೀಕ್ಷೆ ಬರೆಯಬಹುದು. ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಗಣಿತಕ್ಕೆ 20, ಭಾಷೆಗೆ 20. ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಸಿಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆಯ್ಕೆಯಾದರೆ ಓದು, ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ತರಗತಿಯಿಂದ ಒಂದು ಸಣ್ಣ ಶುಲ್ಕವಿದೆ. ಅದರಲ್ಲೂ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ವಿನಾಯಿತಿ ಇದೆ. ಅರ್ಜಿಗೆ ಶುಲ್ಕವಿಲ್ಲ. ಆರನೇ ತರಗತಿಯ ಈ ಪರೀಕ್ಷೆ ಬರೆಯಲು ಒಂದೇ ಅವಕಾಶ.

*ವಸತಿ ಶಾಲೆಗಳು:* ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹೆಣ್ಣುಮಕ್ಕಳ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಮುಂತಾದವುಗಳ ಆರನೇ ತರಗತಿಗೂ ಐದನೇ ತರಗತಿಯ ಮಕ್ಕಳೇ ಪರೀಕ್ಷೆ ಬರೆಯಬೇಕು. ಇದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನವೋದಯಕ್ಕೆ ಓದಿದ ಮಗುವಿಗೆ ಇದಕ್ಕೆ ಬೇರೆ ತಯಾರಿ ಹೆಚ್ಚೇನೂ ಬೇಕಾಗುವುದಿಲ್ಲ. ಎರಡಕ್ಕೂ ಅರ್ಜಿ ಹಾಕಿಸಿ.

*ಎನ್‌ಎಂಎಂಎಸ್:* ಇದು ಎಂಟನೇ ತರಗತಿಗೆ. ಹೆಚ್ಚಿನ ತಾಯಂದಿರಿಗೆ ಇದರ ಹೆಸರೇ ಗೊತ್ತಿಲ್ಲ. ನಿಮಗೆ ಹೆಚ್ಚು ಹತ್ತಿರದ್ದು ಮಾತ್ರ ಇದೇ. 2008ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ನೇರ ಖಾತೆಗೆ ಬರುತ್ತದೆ. ಮಗು ಮನೆಯಲ್ಲೇ ಇದ್ದು ಊರಿನ ಶಾಲೆಗೇ ಹೋಗಬಹುದು. ತಂದೆ ತಾಯಿಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50 ಸಾಕು. ದೇಶಕ್ಕೆ ವರ್ಷಕ್ಕೆ 1 ಲಕ್ಷ ಸ್ಕಾಲರ್‌ಶಿಪ್. ಅದರಲ್ಲಿ ಕರ್ನಾಟಕದ ಪಾಲು 5,534. ಪರೀಕ್ಷೆಯಲ್ಲಿ ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಒಂದು ಬುದ್ಧಿಶಕ್ತಿಯದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತದ್ದು.

ಶಾಲೆ ಬದಲಿಸುವ ಮುನ್ನ ಈ ಲೆಕ್ಕ ನೋಡಿ

ಎನ್‌ಎಂಎಂಎಸ್ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಅನುದಾನವಿಲ್ಲದ ಖಾಸಗಿ ಶಾಲೆಗೆ ಮಗುವನ್ನು ಸೇರಿಸಿದ ದಿನವೇ ಈ ಬಾಗಿಲು ಮುಚ್ಚುತ್ತದೆ. ಎಂಟನೇ ತರಗತಿಯಲ್ಲಿ ಪರೀಕ್ಷೆ ಗೆದ್ದ ಮಗುವನ್ನು ಒಂಬತ್ತಕ್ಕೆ ಖಾಸಗಿ ಶಾಲೆಗೆ ಸೇರಿಸಿದರೆ ಆಗಲೂ ಹಣ ನಿಲ್ಲುತ್ತದೆ.

ನವೋದಯದ ವಿಷಯ ಬೇರೆ. ಅಲ್ಲಿ ಖಾಸಗಿ ಶಾಲೆಯ ಮಗುವೂ ಬರೆಯಬಹುದು. ಆದರೆ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. 3, 4, 5ನೇ ತರಗತಿಗಳನ್ನು ಪೂರ್ತಿ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಮಾತ್ರ ಗ್ರಾಮೀಣ. ಆ ಮೂರು ವರ್ಷದಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಲೆಕ್ಕಕ್ಕೆ ಸೇರುತ್ತದೆ.

ನಮ್ಮ ಭಾಗದಲ್ಲಿ ಗಡಿ ಎಲ್ಲಿ ಎನ್ನುವುದೇ ಗೊಂದಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ 110 ಹಳ್ಳಿಗಳು ಅದಕ್ಕೆ ಸೇರಿದವು. ಆಮೇಲೆ ಹೆಬ್ಬಗೋಡಿ ನಗರಸಭೆಯಾಯಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ, ಚಂದಾಪುರ ಪುರಸಭೆಗಳಾದವು. ಹಸು, ಹುಲ್ಲು, ಸಗಣಿ ಎಲ್ಲ ಇದ್ದ ಹಾಗೇ ಇದ್ದರೂ ಸರ್ಕಾರಿ ಕಾಗದದಲ್ಲಿ ಅದು ನಗರ. ಮನೆ ಗ್ರಾಮ ಪಂಚಾಯಿತಿಯಲ್ಲಿದ್ದು, ಎರಡನೇ ತರಗತಿವರೆಗೆ ಊರ ಶಾಲೆಯಲ್ಲಿದ್ದ ಮಗುವನ್ನು ಮೂರನೆಯದಕ್ಕೆ ಪುರಸಭೆ ವ್ಯಾಪ್ತಿಯ ಶಾಲೆಯ ವ್ಯಾನ್ ಹತ್ತಿಸಿದರೆ, ಆ ವ್ಯಾನ್ ಜೊತೆಗೆ ಗ್ರಾಮೀಣ ಮೀಸಲಾತಿಯೂ ಹೋಯಿತು.

ಇನ್ನೊಂದು ಗಡಿಯೂ ಇದೆ. ನವೋದಯಕ್ಕೆ ಮನೆ ಮತ್ತು ಶಾಲೆ ಎರಡೂ ಒಂದೇ ಜಿಲ್ಲೆಯಲ್ಲಿರಬೇಕು. ಆನೇಕಲ್ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆ; ಹೊಸಕೋಟೆ, ನೆಲಮಂಗಲ ಬೆಂಗಳೂರು ಗ್ರಾಮಾಂತರ. ತಾಲ್ಲೂಕಿನ ಅಂಚಿನಲ್ಲಿರುವವರು, ಹೊಸೂರಿನ ಕಡೆಯ ಶಾಲೆಗೆ ಮಕ್ಕಳನ್ನು ಕಳಿಸುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಈ ಲೆಕ್ಕ ಹತ್ತನೇ ತರಗತಿಗೂ ಮುಗಿಯುವುದಿಲ್ಲ. ಮುಂದೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಓದು ನೋಡುತ್ತಾರೆ. ಪಶುವೈದ್ಯಕೀಯ, ಕೃಷಿ ಪದವಿಗಳಿಗೆ ರೈತರ ಮಕ್ಕಳಿಗೆಂದೇ ಕೃಷಿಕರ ಕೋಟಾ ಕೂಡ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕೊಟ್ಟಿಗೆಯಲ್ಲಿ ಬೆಳೆದ ಮಗುವಿಗೆ ಅದು ಕಷ್ಟವಲ್ಲ.

ಖಾಸಗಿ ಶಾಲೆಗೆ ಸೇರಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಸೇರಿಸುವಾಗ ಏನು ಸಿಗುತ್ತದೆ ಎನ್ನುವುದರ ಜೊತೆಗೆ ಏನು ಬಿಟ್ಟುಹೋಗುತ್ತದೆ ಎಂಬುದನ್ನೂ ತಕ್ಕಡಿಯಲ್ಲಿ ಇಡಿ.

ಪಾಂಪ್ಲೆಟಿನ ಸ್ಕಾಲರ್‌ಶಿಪ್

ಪ್ರವೇಶದ ಸಮಯಕ್ಕೆ ಮನೆಬಾಗಿಲಿಗೆ ಪಾಂಪ್ಲೆಟ್ ಬರುತ್ತದೆ. "ಪರೀಕ್ಷೆ ಬರೆಯಿರಿ, ಶೇ. 50, ಶೇ. 90 ಸ್ಕಾಲರ್‌ಶಿಪ್ ಪಡೆಯಿರಿ." ಇವುಗಳಲ್ಲಿ ನಿಜವಾಗಿ ಜಾಣ ಮಕ್ಕಳಿಗೆ ಕೊಡುವವೂ ಇವೆ, ಸಂತೆಯಲ್ಲಿ ಬೆಲೆ ಏರಿಸಿ ಆಮೇಲೆ ಇಳಿಸುವ ದಲ್ಲಾಳಿಯ ಲೆಕ್ಕದವೂ ಇವೆ. ಹಸು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಎರಡು ಹೊತ್ತು ಹಾಲು ಕರೆದು ನೋಡುತ್ತೀರಿ. ಇಲ್ಲೂ ನಾಲ್ಕು ಪ್ರಶ್ನೆ ಕೇಳಿ:

1. ರಿಯಾಯಿತಿ ಯಾವುದರ ಮೇಲೆ? ಬೋಧನಾ ಶುಲ್ಕದ ಮೇಲೆ ಮಾತ್ರವೋ, ವ್ಯಾನ್, ಪುಸ್ತಕ, ಸಮವಸ್ತ್ರಕ್ಕೂ ಉಂಟೋ?
2. ಎಷ್ಟು ವರ್ಷ? ಮೊದಲ ವರ್ಷಕ್ಕಷ್ಟೇಯೋ, ಹತ್ತನೇ ತರಗತಿವರೆಗೋ?
3. ಒಂದು ವರ್ಷ ಅಂಕ ಕಡಿಮೆ ಬಂದರೆ ಏನು?
4. ಇದನ್ನೆಲ್ಲ ಶಾಲೆಯ ಮೊಹರಿನೊಂದಿಗೆ ಬರೆದುಕೊಡುತ್ತಾರೆಯೇ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಟ್ಟು ಖರ್ಚು ವರ್ಷಕ್ಕೆ 80,000, ಅದರಲ್ಲಿ ಬೋಧನಾ ಶುಲ್ಕ 50,000. "ಶೇ. 50 ಸ್ಕಾಲರ್‌ಶಿಪ್" ಎಂದರೆ ಕಡಿತ 25,000, ನೀವು ಕಟ್ಟುವುದು 55,000. ಲೀಟರಿಗೆ 35 ರೂಪಾಯಿಯಂತೆ ಇದು 1,571 ಲೀಟರ್ ಹಾಲು, ಅದೂ ಮೇವು, ಹಿಂಡಿ, ಔಷಧಿಯ ಖರ್ಚು ಕಳೆಯದೆ. ಲಾಭ ಮಾತ್ರ ಲೆಕ್ಕ ಹಿಡಿದರೆ ಇನ್ನೆಷ್ಟು ಲೀಟರ್ ಬೇಕು ಎಂಬುದು ನಿಮಗೇ ಗೊತ್ತು. ಹಸು ಮಾರಿದರೆ ಒಂದು ವರ್ಷದ ಶುಲ್ಕ ಬರಬಹುದು. ಎರಡನೇ ವರ್ಷದ ಶುಲ್ಕ ಕೊಡಬೇಕಾಗಿದ್ದದ್ದು ಆ ಹಸುವೇ.

ಲೆಕ್ಕದ ಪುಸ್ತಕ ನಿಮ್ಮ ಹಾಲಿನ ಪಾಸ್‌ಬುಕ್

ನವೋದಯದ ಗಣಿತದಲ್ಲಿ ಬರುವುದು ದಶಮಾಂಶ, ಭಿನ್ನರಾಶಿ, ಲ.ಸಾ.ಅ., ಸುತ್ತಳತೆ, ವಿಸ್ತೀರ್ಣ. ಇವೆಲ್ಲ ನಿಮ್ಮ ಮನೆಯಲ್ಲೇ ದಿನವೂ ನಡೆಯುತ್ತವೆ. ಮಗುವಿನ ಕೈಗೆ ಪಾಸ್‌ಬುಕ್ ಕೊಟ್ಟು ಕೇಳಿ:

• ಬೆಳಿಗ್ಗೆ 6.5 ಲೀಟರ್, ಸಂಜೆ 5.25 ಲೀಟರ್. 15 ದಿನದ ಬಟವಾಡೆಗೆ ಎಷ್ಟು ಲೀಟರ್? ಲೀಟರಿಗೆ 35 ರೂಪಾಯಿಯಾದರೆ ಎಷ್ಟು ಹಣ? (176.25 ಲೀಟರ್, 6,168 ರೂಪಾಯಿ 75 ಪೈಸೆ)

• 8 ಕಿಲೋ ಹಾಲಿನಲ್ಲಿ ಜಿಡ್ಡು ಶೇ. 3.5. ಜಿಡ್ಡು ಎಷ್ಟು ಗ್ರಾಂ? (280 ಗ್ರಾಂ)

• ಹಸುವಿನ ದೇಹಕ್ಕೆ 1.5 ಕಿಲೋ, ಮೇಲೆ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ ಕೊಡಬೇಕು. 10 ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಎಷ್ಟು? (5.5 ಕಿಲೋ) 50 ಕಿಲೋ ಚೀಲ ಪೂರ್ತಿ ಎಷ್ಟು ದಿನಕ್ಕೆ ಬರುತ್ತದೆ, ಎಷ್ಟು ಉಳಿಯುತ್ತದೆ? (9 ದಿನ, ಅರ್ಧ ಕಿಲೋ)

• ಜಂತುನಾಶಕ 4 ತಿಂಗಳಿಗೊಮ್ಮೆ, ಕಾಲುಬಾಯಿ ಲಸಿಕೆ 6 ತಿಂಗಳಿಗೊಮ್ಮೆ. ಈ ತಿಂಗಳು ಎರಡೂ ಆಗಿವೆ. ಮತ್ತೆ ಎರಡೂ ಒಂದೇ ತಿಂಗಳು ಬರುವುದು ಯಾವಾಗ? (12 ತಿಂಗಳಿಗೆ. ಇದೇ ಲ.ಸಾ.ಅ.)

• ಜೂನ್ 10ರಂದು ಗರ್ಭಧಾರಣೆ ಆಗಿದೆ. 280 ದಿನಕ್ಕೆ ಕರು ಹಾಕಿದರೆ ಯಾವ ದಿನ? (ಅಧಿಕ ವರ್ಷವಲ್ಲದಿದ್ದರೆ ಮಾರ್ಚ್ 17)

• 40,000 ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇ. 9 ಸರಳ ಬಡ್ಡಿ. 2 ವರ್ಷಕ್ಕೆ ಬಡ್ಡಿ ಎಷ್ಟು? (7,200 ರೂಪಾಯಿ)

• ಕೊಟ್ಟಿಗೆ 20 ಅಡಿ ಉದ್ದ, 12 ಅಡಿ ಅಗಲ. ಸುತ್ತಳತೆ, ವಿಸ್ತೀರ್ಣ? (64 ಅಡಿ, 240 ಚದರ ಅಡಿ)

ಹಸುವಿನ ಕಿವಿಯ ಓಲೆಯಲ್ಲಿ 12 ಅಂಕಿ ಇರುತ್ತದೆ. ಕೊನೆಯ ಆರು ಅಂಕಿಯನ್ನು ಲಕ್ಷ, ಸಾವಿರ, ನೂರು ಎಂದು ಓದಿಸಿ. ಸ್ಥಾನಬೆಲೆ ಬಾಯಿಗೇ ಬರುತ್ತದೆ. ಉತ್ತರ ನಿಮಗೆ ಬರದಿದ್ದರೂ ನಾಚಿಕೆ ಬೇಡ. ಡೇರಿಯ ಕಾರ್ಯದರ್ಶಿ ಬರೆದ ಚೀಟಿಯೊಂದಿಗೆ ಮಗುವಿನ ಉತ್ತರ ತಾಳೆ ನೋಡಿದರೆ ಸಾಕು. ನಿಮ್ಮ ಲೆಕ್ಕವೂ ಸರಿ ಇದೆಯೋ ಎಂದು ಗೊತ್ತಾಗುತ್ತದೆ.

ರಂಗೋಲಿ, ಕನ್ನಡಿ, ಕತ್ತರಿ

ನವೋದಯದಲ್ಲಿ ಅರ್ಧ ಅಂಕ ಮಾನಸಿಕ ಸಾಮರ್ಥ್ಯದ ಚಿತ್ರಗಳಿಗೆ. ಗುಂಪಿಗೆ ಸೇರದ ಚಿತ್ರ ಯಾವುದು, ಅರ್ಧ ಚಿತ್ರ ಪೂರ್ತಿ ಮಾಡು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿದ ಕಾಗದಕ್ಕೆ ತೂತು ಮಾಡಿ ಬಿಡಿಸಿದರೆ ಹೇಗಿರುತ್ತದೆ ಎಂಬಂಥವು. ಚುಕ್ಕಿ ರಂಗೋಲಿಯ ಕಾಲು ಭಾಗ ನೀವು ಹಾಕಿ, ಉಳಿದದ್ದನ್ನು ಮಗು ತುಂಬಲಿ. ಗೋಡೆ ಕನ್ನಡಿಯ ಎದುರು ಅಕ್ಷರ, ಗಡಿಯಾರ ಹಿಡಿಯಿರಿ. ನೋಡುವ ಮೊದಲೇ ಮಗು ಹೇಳಲಿ. ಹಳೆಯ ಪೇಪರ್ ಮಡಿಸಿ ಕತ್ತರಿಸಿ; ಬಿಡಿಸುವ ಮೊದಲೇ ಮಗು ಚಿತ್ರ ಬರೆಯಲಿ. ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲಿ. ನವೋದಯದ ಪ್ರಕಟಣೆಯ ಪುಸ್ತಿಕೆಯಲ್ಲೇ ಮಾದರಿ ಪ್ರಶ್ನೆಗಳಿರುತ್ತವೆ. ಮುಖ್ಯ ಶಿಕ್ಷಕರನ್ನು ಕೇಳಿದರೆ ತೆಗೆಸಿಕೊಡುತ್ತಾರೆ.

ಭಾಷೆಯ ಭಾಗದಲ್ಲಿ ಗದ್ಯ ಓದಿ ಪ್ರಶ್ನೆಗೆ ಉತ್ತರಿಸಬೇಕು. ನೀವು ಹಾಲು ಕರೆಯುವಾಗ ಮಗು ಪಕ್ಕದಲ್ಲಿ ಕೂತು ಈ ಪತ್ರಿಕೆಯ ಒಂದು ಪ್ಯಾರಾ ಗಟ್ಟಿಯಾಗಿ ಓದಲಿ. "ಯಾರು? ಎಲ್ಲಿ? ಯಾಕೆ?" ಎಂದು ಮೂರು ಪ್ರಶ್ನೆ ಕೇಳಿ. ಓದು ಬಾರದ ತಾಯಿಯೂ ಇದನ್ನು ಮಾಡಬಹುದು.

ಒಂದೇ ದಿನ ತಿನ್ನಿಸಿದರೆ ಹೊಟ್ಟೆ ಕೆಡುತ್ತದೆ

ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಒಟ್ಟಿಗೆ ತಿಂದ ಹಸು ಏನಾಗುತ್ತದೆ ಎಂದು ನಿಮಗೆ ಗೊತ್ತು. ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಮೆಲುಕು ನಿಲ್ಲುತ್ತದೆ, ಕೆಲವು ಸಲ ಜೀವಕ್ಕೇ ಬರುತ್ತದೆ. ಅದೇ ಆಹಾರವನ್ನು ದಿನ ದಿನ ಸ್ವಲ್ಪ ಕೊಟ್ಟರೆ ಹಾಲಾಗುತ್ತದೆ. ಮಗುವಿನ ಓದೂ ಹೀಗೆಯೇ. ಪರೀಕ್ಷೆಗೆ ಒಂದು ತಿಂಗಳಿರುವಾಗ ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಕೂರಿಸುವುದಕ್ಕಿಂತ, ನಾಲ್ಕನೇ ತರಗತಿಯ ಬೇಸಿಗೆ ರಜೆಯಿಂದಲೇ ದಿನಕ್ಕೆ ನಲವತ್ತು ನಿಮಿಷ ಸಾಕು. ಇಪ್ಪತ್ತು ನಿಮಿಷ ಲೆಕ್ಕ, ಹತ್ತು ನಿಮಿಷ ಚಿತ್ರ, ಹತ್ತು ನಿಮಿಷ ಓದು. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅದೇ ಹೊತ್ತು, ಅದೇ ಜಾಗ. ಟಿವಿ, ಮೊಬೈಲ್ ಆ ಹೊತ್ತಿಗೆ ಬಂದ್.

ಕೊನೆಯ ಎರಡು ತಿಂಗಳು ಗಡಿಯಾರ ಇಟ್ಟು ಬರೆಸಿ. 80 ಪ್ರಶ್ನೆಗೆ 120 ನಿಮಿಷ, ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ಬಾಲ್ ಪೆನ್ನಿನಲ್ಲಿ ಓಎಂಆರ್ ಹಾಳೆಯ ಗುಂಡುಗಳನ್ನು ತುಂಬುವ ಅಭ್ಯಾಸವಾಗಬೇಕು. ಒಮ್ಮೆ ತುಂಬಿದ್ದನ್ನು ಅಳಿಸುವಂತಿಲ್ಲ. ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಮಗಳ ಕೈಯಲ್ಲಿ ಸಗಣಿ ಬುಟ್ಟಿ, ಮಗನ ಕೈಯಲ್ಲಿ ಪುಸ್ತಕ?

ಇದನ್ನು ನಿಮಗೆ ಬೇಸರವಾದರೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಟ್ಯೂಷನ್‌ಗೆ ಮಗ ಹೋಗುತ್ತಾನೆ, ಕೊಟ್ಟಿಗೆಗೆ ಮಗಳು ಬರುತ್ತಾಳೆ. ನವೋದಯದಲ್ಲಿ ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗೆಂದೇ ಮೀಸಲು. ಪ್ರತ್ಯೇಕ ಹಾಸ್ಟೆಲ್ ಇರುತ್ತದೆ. ಹಾಸ್ಟೆಲ್‌ಗೆ ಕಳಿಸಲು ಮನಸ್ಸಿಲ್ಲದಿದ್ದರೆ ಎನ್‌ಎಂಎಂಎಸ್ ಇದೆ. ಮಗಳು ನಿಮ್ಮ ಕಣ್ಣೆದುರೇ ಇರುತ್ತಾಳೆ. ಹತ್ತನೇ ತರಗತಿಗೇ ಓದು ಸಾಕು ಎನ್ನುವ ಮಾತು ಮನೆಯಲ್ಲಿ ಬಂದಾಗ, ಅವಳ ಹೆಸರಿಗೆ ವರ್ಷಕ್ಕೆ 12,000 ಬರುತ್ತಿದ್ದರೆ ಆ ಮಾತಿಗೆ ಉತ್ತರ ಸಿಕ್ಕಂತೆ. ಪರೀಕ್ಷೆಯ ವರ್ಷ ಬೆಳಗಿನ ಕೊಟ್ಟಿಗೆ ಕೆಲಸದಿಂದ ಅವಳನ್ನು ಬಿಡಿಸಿ. ಆ ಕೆಲಸ ಮನೆಯ ಗಂಡಸರೂ ಮಾಡಬಹುದು.

ಕಾಗದ ಸರಿ ಇಲ್ಲದಿದ್ದರೆ ಗೆದ್ದದ್ದೂ ಸೋಲು

ಹಾಲಿನ ಪ್ರೋತ್ಸಾಹಧನ ಆಧಾರ್ ಜೋಡಣೆಯಾಗದ ಖಾತೆಗೆ ಬಾರದೆ ನಿಂತದ್ದನ್ನು ನೀವು ಕಂಡಿದ್ದೀರಿ. ಸ್ಕಾಲರ್‌ಶಿಪ್ ಹಣಕ್ಕೂ ಅದೇ ದಾರಿ.

• ಮಗುವಿನ ಹೆಸರು, ಹುಟ್ಟಿದ ದಿನಾಂಕ ಶಾಲೆಯ ದಾಖಲೆಯಲ್ಲೂ ಆಧಾರ್‌ನಲ್ಲೂ ಅಕ್ಷರಶಃ ಒಂದೇ ಇರಲಿ.
• ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಕೊನೆಯ ವಾರ ಸರ್ವರ್ ಡೌನ್ ಎಂಬ ಉತ್ತರ ಸಿಗುತ್ತದೆ.
• ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿ.
• ಎನ್‌ಎಂಎಂಎಸ್‌ಗೆ ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಂದಾಯಿಸಿ, ಪ್ರತಿ ವರ್ಷ ನವೀಕರಿಸಬೇಕು. ಪಿಯುಸಿಯಲ್ಲೂ ಮುಂದುವರಿಯಲು ಹತ್ತನೇ ತರಗತಿಯಲ್ಲಿ ಶೇ. 60, ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ. 55 ಅಂಕ ಬೇಕು.

ಸಿಗದಿದ್ದರೆ?

ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಬರೆಯುವವರು ಇಡೀ ಜಿಲ್ಲೆಯ ಮಕ್ಕಳು. ಚೆನ್ನಾಗಿ ಓದಿದ ಮಗುವಿಗೂ ಸಿಗದೆ ಹೋಗಬಹುದು. ಇದನ್ನು ಪರೀಕ್ಷೆಗೆ ಮೊದಲೇ ಮಗುವಿಗೆ ಹೇಳಿ. ಫಲಿತಾಂಶದ ದಿನ ಪಕ್ಕದ ಮನೆಯ ಮಗುವಿನ ಹೆಸರು ಎತ್ತಬೇಡಿ. ಖಾಲಿಯಾದ ಸೀಟುಗಳಿಗೆ ಒಂಬತ್ತು ಮತ್ತು ಹನ್ನೊಂದನೇ ತರಗತಿಗೂ ನವೋದಯ ಪರೀಕ್ಷೆ ನಡೆಸುತ್ತದೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಇದ್ದೇ ಇದೆ. ಐದನೇ ತರಗತಿಯಲ್ಲಿ ಕಲಿತ ಶೇಕಡಾ, ದಶಮಾಂಶ ಎಲ್ಲೂ ಹೋಗುವುದಿಲ್ಲ.

ಈ ತಿಂಗಳು ಮಾಡಬೇಕಾದದ್ದು

ಮಗು ಮೂರನೇ ತರಗತಿ ಮುಟ್ಟುವ ಮೊದಲು, ಶಾಲೆ ಇರುವ ಜಾಗ ಗ್ರಾಮೀಣವೋ ನಗರವೋ ಎಂದು ಮುಖ್ಯ ಶಿಕ್ಷಕರನ್ನು ಕೇಳಿ ತಿಳಿಯಿರಿ. ನಾಲ್ಕು ಅಥವಾ ಐದರಲ್ಲಿದ್ದರೆ ನವೋದಯ, ಮೊರಾರ್ಜಿ ಅರ್ಜಿ ಯಾವಾಗ ಎಂದು ವಿಚಾರಿಸಿ. ಏಳು, ಎಂಟರಲ್ಲಿದ್ದರೆ ಎನ್‌ಎಂಎಂಎಸ್ ಬಗ್ಗೆ ಕೇಳಿ. ದಿನಾಂಕಗಳು ಪ್ರತಿ ವರ್ಷ ಬದಲಾಗುತ್ತವೆ. ಶಾಲೆ ಅಥವಾ ಬಿಇಒ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ಅರ್ಜಿಯ ಕೊನೆಯ ದಿನಾಂಕವನ್ನು ಹಾಲಿನ ದರದ ಬೋರ್ಡಿನ ಪಕ್ಕದಲ್ಲೇ ಬರೆಯಲು ಕಾರ್ಯದರ್ಶಿಯವರಿಗೆ ಹೇಳಿ. ದಿನಕ್ಕೆ ಎರಡು ಸಲ ಎಲ್ಲ ತಾಯಂದಿರ ಕಣ್ಣು ಬೀಳುವ ಜಾಗ ಊರಲ್ಲಿ ಅದೊಂದೇ.